ನೆರಳು ಕಾಲಿನಿಂದ ಶುರುವಾಗಲಿ

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಯಕ್ಷಗಾನಕ್ಕೆ ಪೋಸ್ಟರ್ ಮಾಡುತ್ತಿದ್ದೇನೆ. ಹಾಲ್‌ನಲ್ಲಿ ತೆಗೆದ ವೇಷಧಾರಿಯ ಫೋಟೋ ಕಟ್ ಮಾಡಿ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಇಟ್ಟೆ. ಫೋಟೋಶಾಪ್‌ನಲ್ಲಿ ಡ್ರಾಪ್ ಶ್ಯಾಡೋ ಕೊಟ್ಟರೂ ಅಂಟಿಸಿದ ಹಾಗೇ ಕಾಣುತ್ತದೆ. ಏನು ಮಾಡಲಿ, ಸರ್?

ಉತ್ತರ: ಡ್ರಾಪ್ ಶ್ಯಾಡೋ ಈ ಕೆಲಸಕ್ಕೆ ಇರುವುದಲ್ಲ. ಅದು ಚಿತ್ರದ ಆಕಾರವನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿ, ಮಸುಕು ಮಾಡಿ ಹಿಂದೆ ಇಡುತ್ತದೆ. ಗೋಡೆಗೆ ನೇತುಹಾಕಿದ ಬೋರ್ಡಿಗಾದರೆ ಸರಿ. ನೆಲದ ಮೇಲೆ ನಿಂತವರ ನೆರಳು ಕಾಲಿನಿಂದ ಶುರುವಾಗಿ ನೆಲದ ಮೇಲೆ ಮಲಗಬೇಕು.

ಅದಕ್ಕೂ ಮೊದಲು ಬೆಳಕು ನೋಡಿ. ವೇಷಧಾರಿಯ ಮೂಗಿನ ಯಾವ ಪಕ್ಕ ಕಪ್ಪಾಗಿದೆ? ಗಲ್ಲದ ನೆರಳು ಎತ್ತ ಬಿದ್ದಿದೆ? ಗೇಟ್‌ವೇಯಲ್ಲಿ ಕಡಲು ಇರುವುದು ಪೂರ್ವಕ್ಕೆ. ಊರಿನ ಕಡೆ ನಿಂತು ಬೆಳಿಗ್ಗೆ ತೆಗೆದ ಫೋಟೋದಲ್ಲಿ ಸೂರ್ಯ ಕಮಾನಿನ ಆಚೆ ಇರುತ್ತಾನೆ, ನೆರಳೆಲ್ಲ ನಮ್ಮ ಕಡೆ ಬರುತ್ತದೆ. ಸಂಜೆ ಅದೇ ಜಾಗದಲ್ಲಿ ನೆರಳು ಕಡಲಿನ ಕಡೆ ಹೋಗುತ್ತದೆ. ಹಾಲ್‌ನಲ್ಲಿ ಎದುರಿನಿಂದ ಲೈಟ್ ಬಿದ್ದಿದ್ದರೆ ಬೆಳಗಿನ ಹಿನ್ನೆಲೆ ಹೊಂದುವುದೇ ಇಲ್ಲ. ಎಷ್ಟು ಚಂದದ ನೆರಳು ಕೊಟ್ಟರೂ ಕಣ್ಣು ಒಪ್ಪುವುದಿಲ್ಲ. ಎಡ ಬಲ ಅದಲುಬದಲಾಗಿದ್ದರೆ ಫೋಟೋವನ್ನೇ ಕನ್ನಡಿಯ ಹಾಗೆ ತಿರುಗಿಸುವವರಿದ್ದಾರೆ. ಬೇಡ. ಹಿನ್ನೆಲೆ ತಿರುಗಿಸಿದರೆ ಕಮಾನಿನ ಮೇಲಿನ ಅಕ್ಷರ ಉಲ್ಟಾ ಆಗುತ್ತದೆ, ವೇಷ ತಿರುಗಿಸಿದರೆ ಕತ್ತಿ ಎಡಗೈಗೆ ಬರುತ್ತದೆ. ಯಕ್ಷಗಾನ ನೋಡುವವರು ಸುಮ್ನೆ ಬಿಡುತ್ತಾರಾ! ಹೊಂದುವ ಬೇರೆ ಹಿನ್ನೆಲೆ ಹುಡುಕುವುದೇ ಕಡಿಮೆ ಕೆಲಸ.

ಈಗ ನೆರಳಿಗೆ ಬರೋಣ. ಕಂಟ್ರೋಲ್ ಒತ್ತಿಕೊಂಡು ವೇಷದ ಲೇಯರ್‌ನ (ಒಂದರ ಮೇಲೊಂದು ಇಡುವ ಪದರದ) ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ, ಆಕಾರ ಸೆಲೆಕ್ಟ್ ಆಗುತ್ತದೆ. ಕೆಳಗೊಂದು ಹೊಸ ಲೇಯರ್ ಮಾಡಿ ಅದರಲ್ಲಿ ಗಾಢ ಬಣ್ಣ ತುಂಬಿಸಿ. ಕಂಟ್ರೋಲ್ ಮತ್ತು ಟಿ ಒತ್ತಿ, ಬಲ ಕ್ಲಿಕ್‌ನಲ್ಲಿ ಡಿಸ್ಟಾರ್ಟ್ ಆರಿಸಿ, ಮೇಲಿನ ಅಂಚನ್ನು ಎಳೆದು ನೆಲಕ್ಕೆ ಮಲಗಿಸಿ. ಪಾದ ಮಾತ್ರ ಜಾಗ ಬಿಡಬಾರದು. ಎತ್ತ, ಎಷ್ಟು ಉದ್ದ ಎಂದು ಊಹಿಸಬೇಕಾಗಿಲ್ಲ. ಆ ಫೋಟೋದಲ್ಲೇ ನಿಂತಿರುವ ಪ್ರವಾಸಿಗರ ನೆರಳು ನೋಡಿ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳಿನ ಉದ್ದ ಆಳೆತ್ತರದಷ್ಟೇ, 30 ಡಿಗ್ರಿಗೆ ಇಳಿದರೆ ಸುಮಾರು 1.7 ಪಟ್ಟು.

ನಿಮ್ಮ ಕಲಾವಿದರು ಒಂದು ಕಾಲು ಎತ್ತಿ ಕುಣಿಯುವ ಭಂಗಿಯಲ್ಲಿದ್ದರೆ ಇನ್ನೊಂದು ವಿಷಯ ಇದೆ. ಎತ್ತಿದ ಪಾದದ ನೆರಳು ಪಾದಕ್ಕೆ ತಾಗಬಾರದು, ನಡುವೆ ಬಿಸಿಲಿನ ನೆಲ ಕಾಣಬೇಕು. ಊರಿದ ಕಾಲಿನ ನೆರಳು ಮಾತ್ರ ಪಾದಕ್ಕೆ ಅಂಟಿಕೊಂಡಿರಬೇಕು. ಅಲ್ಲಿ ಇನ್ನೊಂದು ಲೇಯರ್‌ನಲ್ಲಿ ಸಣ್ಣ ಬ್ರಷ್‌ನಿಂದ ಒಂದು ತೆಳ್ಳಗಿನ, ತುಂಬಾ ಕಪ್ಪಾದ ಗೆರೆ ಹಾಕಿ. ಪಾದಕ್ಕೂ ನೆಲಕ್ಕೂ ನಡುವಿನ ಸಂದಿಯಲ್ಲಿ ಬೆಳಕೇ ಹೋಗುವುದಿಲ್ಲ ಅಲ್ವಾ? ವೇಷ ಗಾಳಿಯಲ್ಲಿ ತೇಲುವ ಹಾಗೆ ಕಾಣುವುದು ತಪ್ಪುವುದು ಮುಖ್ಯವಾಗಿ ಈ ಗೆರೆಯಿಂದಲೇ. ದೊಡ್ಡ ನೆರಳಿನ ಮೇಲೆ ಗಂಟೆಗಟ್ಟಲೆ ಕೂತು ಇದನ್ನು ಮರೆಯುವವರೇ ಜಾಸ್ತಿ.

ಬ್ಲರ್ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ 1 ಮೀಟರ್ ದೂರದಿಂದ ಬಿದ್ದ ನೆರಳಿನ ಅಂಚು ಮಸುಕಾಗುವುದು 1 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆಯೇ. ಕಿರೀಟದ ತುದಿ ನೆಲದಿಂದ 2 ಮೀಟರ್ ಇದ್ದರೆ, 45 ಡಿಗ್ರಿ ಬಿಸಿಲಲ್ಲಿ ಅಲ್ಲಿಂದ ನೆರಳಿಗೆ 2.8 ಮೀಟರ್. ಅಂಚಿನ ಮಸುಕು ಸುಮಾರು 2.5 ಸೆಂ.ಮೀ. ಅಷ್ಟೇ. ಪಾದದ ಹತ್ತಿರ ನೆರಳು ಚೂಪಾಗಿರಲಿ. ಬ್ಲರ್ ಮಾಡಿದ ಇನ್ನೊಂದು ಪ್ರತಿ ಇಟ್ಟುಕೊಂಡು, ಗ್ರೇಡಿಯಂಟ್ ಮಾಸ್ಕ್‌ನಲ್ಲಿ (ಲೇಯರನ್ನು ಮೆಲ್ಲಮೆಲ್ಲನೆ ಮರೆಮಾಡುವ ಮುಸುಕು) ಕಿರೀಟದ ಕಡೆ ಹೋಗುತ್ತಾ ಒಂದರಿಂದ ಇನ್ನೊಂದಕ್ಕೆ ಜಾರಿಸಿ.

ಬಣ್ಣ ಅಚ್ಚ ಕಪ್ಪು ಬೇಡ. ನೆರಳಿಗೂ ಆಕಾಶದ ಬೆಳಕು ಬೀಳುವುದರಿಂದ ಅದರಲ್ಲಿ ತುಸು ನೀಲಿ ಇರುತ್ತದೆ. ಐಡ್ರಾಪರ್‌ನಿಂದ ಆ ಪ್ರವಾಸಿಗರ ನೆರಳಿನ ಬಣ್ಣ ತೆಗೆದುಕೊಳ್ಳಿ, ಲೇಯರ್ ಮಲ್ಟಿಪ್ಲೈ ಮಾಡಿ (ಕೆಳಗಿನ ಚಿತ್ರವನ್ನು ಮುಚ್ಚದೆ ಗಾಢವಾಗಿಸುವ ಮೋಡ್), ಒಪಾಸಿಟಿ, ಅಂದರೆ ದಟ್ಟತೆ, ಆ ನೆರಳಿಗೆ ಹೊಂದಿಸಿ. ನಿಮ್ಮ ನೆರಳು ಕಟ್ಟಡದ ನೆರಳಿನೊಳಗೆ ಹೋಗುವ ಕಡೆ ಅಳಿಸಿಬಿಡಿ. ನೆರಳಿನ ಮೇಲೆ ಮತ್ತೊಂದು ನೆರಳು ಬೀಳುವುದಿಲ್ಲ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಮಳೆಗಾಲದ ಗೇಟ್‌ವೇ ಫೋಟೋ ಹುಡುಕಿ. ಮೋಡ ಕವಿದ ದಿನ ಉದ್ದದ ನೆರಳೇ ಇರುವುದಿಲ್ಲ, ಪಾದದ ಸುತ್ತ ಮೆತ್ತನೆಯ ಕಪ್ಪು ಸಾಕು. ನೆಲ ಒದ್ದೆಯಾಗಿದ್ದರೆ ಮಾತ್ರ ತಲೆಕೆಳಗಾದ ಪ್ರತಿಬಿಂಬ ಹಾಕಬೇಕಾಗುತ್ತದೆ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ.

ಪ್ರಶ್ನೆ: ಮಡಗಾಂವ್‌ನಲ್ಲಿ ಮನೆಯಲ್ಲೇ ಕೋಕಂ ಶರಬತ್ತು ಮಾಡಿ ಮಾರುತ್ತೇನೆ. ಗಾಜಿನ ಬಾಟಲಿಯ ಫೋಟೋಗೆ ನೆರಳು ಹಾಕಿದರೆ ಬಾಟಲಿ ಕಲ್ಲಿನ ಹಾಗೆ ಕಾಣುತ್ತದೆ. ಯಾಕೆ?

ಉತ್ತರ: ಶರಬತ್ತಿನ ಮೂಲಕ ಬೆಳಕು ದಾಟುತ್ತದೆ, ಅದಕ್ಕೇ. ನಿಜವಾದ ನೆರಳಿನ ನಡುವೆ ಕೆಂಪು ಇರುತ್ತದೆ, ಒಂದೆರಡು ಹೊಳೆಯುವ ಗೆರೆಯೂ ಇರಬಹುದು. ಮುಚ್ಚಳ, ಲೇಬಲ್ ಇರುವ ಕಡೆ ಮಾತ್ರ ಪೂರ್ತಿ ಕಪ್ಪು. ಇದನ್ನು ಬ್ರಷ್‌ನಿಂದ ಬಿಡಿಸಲು ಹೋಗಬೇಡಿ. ಬಾಟಲಿಯನ್ನು ಬಿಳಿ ಹಾಳೆಯ ಮೇಲಿಟ್ಟು ಕಿಟಕಿಯ ಬಿಸಿಲಲ್ಲಿ ಫೋಟೋ ತೆಗೆಯಿರಿ. ಹಾಳೆ ಫೋಟೋದಲ್ಲಿ ಅಚ್ಚ ಬಿಳಿ ಆಗುವಷ್ಟು ಲೆವೆಲ್ಸ್‌ನಲ್ಲಿ ಬೆಳಕು ಹೆಚ್ಚಿಸಿ, ಆ ಲೇಯರನ್ನು ಹೊಸ ಹಿನ್ನೆಲೆಯ ಮೇಲೆ ಮಲ್ಟಿಪ್ಲೈ ಮಾಡಿ. ಬಿಳಿ ಮಾಯವಾಗಿ ನೆರಳು, ಕೆಂಪು ಎರಡೂ ಉಳಿಯುತ್ತವೆ. ಅದರ ಮೇಲೆ ಕಟ್ ಮಾಡಿದ ಬಾಟಲಿ ಇಟ್ಟರಾಯಿತು. ಹಿನ್ನೆಲೆ ತಿಳಿ ಬಣ್ಣದ್ದಾಗಿರಲಿ, ಗಾಢ ಬಣ್ಣದಲ್ಲಿ ಆ ಕೆಂಪು ಕಾಣುವುದಿಲ್ಲ.