ಚಾನೆಲ್ ಮುಚ್ಚಿದರೆ ನಡಿಗೆ ಹೇಗೆ ಸುಧಾರಿಸುತ್ತೆ?

ಪ್ರಶ್ನೆ: ಮೇಡಂ, ನಮ್ಮಕ್ಕನಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್. ನಡಿಗೆ ನಿಧಾನವಾಗಿದೆ. ಡಾಕ್ಟರು ಫ್ಯಾಂಪ್ರಿಡಿನ್ ಮಾತ್ರೆ ಬರೆದು, ‘ಇದು ಪೊಟ್ಯಾಸಿಯಂ ಚಾನೆಲ್ ಮುಚ್ಚುತ್ತೆ’ ಅಂದರು. ಹಾಗಾದರೆ ಬಾಳೆಹಣ್ಣು, ಎಳನೀರು ಬಿಡಬೇಕಾ? ಮುಚ್ಚಿದರೆ ನರಕ್ಕೆ ಒಳ್ಳೆಯದು ಹೇಗೆ?
– ಓದುಗರು, ತಿಪಟೂರು

ಉತ್ತರ: ತಿಪಟೂರಿನವರಿಗೆ ಎಳನೀರು ಬಿಡಿ ಅಂದರೆ ಯಾರು ಕೇಳ್ತಾರೆ! ಈ ಮಾತ್ರೆಗಾಗಿ ಬಿಡಬೇಕಿಲ್ಲ. ಇದು ಊಟದ ಪೊಟ್ಯಾಸಿಯಂ ತಂಟೆಗೆ ಹೋಗುವುದಿಲ್ಲ. ಮುಚ್ಚುವುದು ನರದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳನ್ನು.

ನರ ಮಿಡಿಯುವಾಗ, ಅಂದರೆ ವಿದ್ಯುತ್ ಸಂದೇಶ ಕಳಿಸುವಾಗ, ಮೊದಲು ಸೋಡಿಯಂ ಬಾಗಿಲು ತೆರೆಯುತ್ತದೆ. ಮೈನಸ್ 70 ಮಿಲಿವೋಲ್ಟ್ ಆಸುಪಾಸಿನಲ್ಲಿದ್ದ ನರ ಪ್ಲಸ್ 30ರ ಹತ್ತಿರ ಜಿಗಿಯುತ್ತದೆ. ತುಸು ತಡವಾಗಿ ಪೊಟ್ಯಾಸಿಯಂ ಬಾಗಿಲು ತೆರೆದು, ಪೊಟ್ಯಾಸಿಯಂ ಹೊರಗೆ ಹರಿದು, ಏರಿದ್ದು ಇಳಿಯುತ್ತದೆ. ಎಲ್ಲ ಸೇರಿ ಸುಮಾರು 1 ಮಿಲಿಸೆಕೆಂಡ್. ಈ ಬಾಗಿಲು ತಡಮಾಡಿದಷ್ಟೂ ಮಿಡಿತ ಉದ್ದವಾಗುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಇದರ ಲೆಕ್ಕ ಕಟ್ಟಿದರು. ನಾನು ಪಾಠ ಮಾಡುವಾಗ ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಕಪ್ಪೆಯ ಸ್ನಾಯು ಎಳೆದ ಗೆರೆ ಕಾಣುತ್ತಿತ್ತು, ಈ ಮಿಡಿತ ಮಾತ್ರ ಕಾಣುತ್ತಿರಲಿಲ್ಲ. ಹುಡುಗರನ್ನು ನಂಬಿಸೋದೇ ಕಷ್ಟವಾಗಿತ್ತು.

ನಿಮ್ಮಕ್ಕನ ವಿಷಯಕ್ಕೆ ಬರೋಣ. ನರದ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದರಡಿ ಒಂದಿಷ್ಟು ಪೊಟ್ಯಾಸಿಯಂ ಬಾಗಿಲುಗಳು ಅಡಗಿರುತ್ತವೆ. ಈ ಕಾಯಿಲೆಯಲ್ಲಿ ಹೊದಿಕೆ ಹಾಳಾಗಿ ಅವು ಬಯಲಾಗುತ್ತವೆ. ಪೊಟ್ಯಾಸಿಯಂ ಜಾಸ್ತಿ ಸೋರಿ, ಮಿಡಿತ ಮುಂದಿನ ಜಾಗ ಮುಟ್ಟುವ ಮೊದಲೇ ಸೊರಗುತ್ತದೆ. ಮಾತ್ರೆ ಆ ಬಾಗಿಲುಗಳಿಗೆ ಅಡ್ಡ ನಿಂತರೆ ಮಿಡಿತ ಚೂರು ಹೊತ್ತು ಜಾಸ್ತಿ ಉಳಿದು, ಹಾಳಾದ ಜಾಗ ದಾಟುತ್ತದೆ. ಮಾತ್ರೆಯಿಂದ ಹೊದಿಕೆ ಮತ್ತೆ ಬೆಳೆಯುವುದಿಲ್ಲ, ಕಾಯಿಲೆ ವಾಸಿಯಾಗುವುದೂ ಇಲ್ಲ.

ಅಮೆರಿಕದಲ್ಲಿ 2010ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಎಲ್ಲರಿಗೂ ಗುಣ ಕಾಣುವುದಿಲ್ಲ. ಶುರು ಮಾಡುವ ಮೊದಲು ಅಕ್ಕ 25 ಅಡಿ ನಡೆಯಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದಿಡಿ. ಆಮೇಲೆ ಹೋಲಿಸಿ ಡಾಕ್ಟರಿಗೆ ತೋರಿಸಿ. ‘ಪರವಾಗಿಲ್ಲ ಅನ್ಸುತ್ತೆ’ ಅನ್ನೋದಕ್ಕಿಂತ ಅದು ಮೇಲು, ಅಲ್ವಾ?

ಮಿದುಳಿನ ನರಗಳಲ್ಲೂ ಇಂಥ ಬಾಗಿಲುಗಳಿವೆ. ಡೋಸ್ ಮೀರಿದರೆ ಫಿಟ್ಸ್ ಬರಬಹುದು. ಔಷಧ ಹೊರಹೋಗುವುದು ಮೂತ್ರದಲ್ಲಿ. ಹಾಗಾಗಿ ಕಿಡ್ನಿ ಸಮಸ್ಯೆಯಾಗಲೀ ಹಿಂದೆ ಫಿಟ್ಸ್ ಬಂದದ್ದಾಗಲೀ ಇದ್ದರೆ ಮೊದಲೇ ಹೇಳಿ. ನಿಧಾನವಾಗಿ ಕರಗುವ ಮಾತ್ರೆ ಇದು, ಮುರಿಯಬೇಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.