ದೇವರು ಒಪ್ಪಬೇಕಾದರೆ ಇನ್ನೂ ಎಷ್ಟು ಪ್ರಾರ್ಥನೆ, ಎಷ್ಟು ಉಪವಾಸ ಬೇಕು?

ಆ ‘ಎಷ್ಟು’ ಅನ್ನೋದನ್ನ ಮೊದಲು ಬಿಟ್ಟುಬಿಡಿ. ಅದರ ಹಿಂದೆ ಬಿದ್ದು ನಾನು ಆರು ವರ್ಷ ಕಳೆದಿದ್ದೇನೆ.

ನಮ್ಮದು ಮಂಗಳೂರು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಇರುವ ಪ್ರೊಟೆಸ್ಟಂಟ್ ಸಭೆ. ‘ಕೃಪೆ’, ಅಂದರೆ ನಾವು ಗಳಿಸದೆ ದೇವರು ಉಚಿತವಾಗಿ ಕೊಡುವ ದಯೆ, ಅನ್ನೋ ಮಾತು ಕಿವಿಗೆ ರೂಢಿಯಾಗಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಪ್ರಾರ್ಥನೆ ಎಷ್ಟು ನಿಮಿಷ, ಬೈಬಲ್ ಎಷ್ಟು ಅಧ್ಯಾಯ, ಶುಕ್ರವಾರದ ಉಪವಾಸ ಆಯ್ತಾ ಇಲ್ವಾ, ಎಲ್ಲಾ ಬರೆಯುತ್ತಿದ್ದೆ. ತಪ್ಪಿದ ದಿನಕ್ಕೆ ಕೆಂಪು ಗೆರೆ. ಕೆಂಪು ಜಾಸ್ತಿಯಾದ ತಿಂಗಳು ಪ್ರಭು ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಕೊಳ್ಳುವ ವಿಧಿ) ಏಳದೆ ಬೆಂಚಿನಲ್ಲೇ ಕೂತಿರುತ್ತಿದ್ದೆ. ಬರಬರುತ್ತಾ ಏಳುವುದೇ ನಿಂತಿತು.

ಇದಕ್ಕೆಲ್ಲ ಕಾರಣ ಬೈಬಲಿನ 1 ಕೊರಿಂಥ 11:27, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದ ವಚನ. ಅಲ್ಲಿರುವುದು ‘ಅಯೋಗ್ಯವಾಗಿ’ ತಿಂದರೆ ಅಂತ. ನಾನು ಓದಿಕೊಂಡದ್ದು ‘ಅಯೋಗ್ಯನಾಗಿ’ ತಿಂದರೆ ಅಂತ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಅರ್ಥವೇ ಬೇರೆ. ಪೌಲ ಗದರಿಸುವುದು ತಿನ್ನುವ ರೀತಿಯನ್ನು. 21ನೇ ವಚನ ನೋಡಿ, ಒಬ್ಬ ಹಸಿದು ಕೂತಿದ್ದಾನೆ, ಇನ್ನೊಬ್ಬ ಕುಡಿದು ಅಮಲಾಗಿದ್ದಾನೆ, ಅಂಥ ಊಟವನ್ನು ಪ್ರಭು ಭೋಜನ ಅನ್ನಬೇಡಿ ಅಂತ ಅವನ ಸಿಟ್ಟು. ಯೋಗ್ಯರಾದವರು ಮಾತ್ರ ಬನ್ನಿ ಅಂತ ಅವನು ಹೇಳಲೇ ಇಲ್ಲ. ಆರು ಸಾಲು ಹಿಂದಕ್ಕೆ ಹೋಗಿ ಓದಿದ್ದರೆ ಸಾಕಿತ್ತು. ಓದಲಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ಪಾಸ್ಟರ್ ಮನೆಗೇ ಬಂದು ಭೋಜನ ಕೊಟ್ಟರು. ಸಣ್ಣ ತಟ್ಟೆಯಲ್ಲಿ ಎರಡು ಚೂರು ರೊಟ್ಟಿ, ಒಂದು ಅಮ್ಮನಿಗೆ, ಒಂದು ನನಗೆ. ನಾನು ಎದ್ದು ಜಗುಲಿಗೆ ಹೋದೆ. “ನೀನು ತಕೊಳ್ಳಲ್ವಾ ಮಗಾ?” ಅಂತ ಅಮ್ಮ ಒಳಗಿಂದ ಕೇಳಿದ್ದು ಕೇಳಿಸಿತು. ಉತ್ತರ ಕೊಡಲಿಲ್ಲ. ಹನ್ನೊಂದು ದಿನಕ್ಕೆ ಅವರು ತೀರಿಕೊಂಡರು. ಅವರ ಜೊತೆ ಕೂತು ತಿನ್ನುವ ಅವಕಾಶ ಮತ್ತೆ ಸಿಗಲಿಲ್ಲ.

ಹಾಗಾದರೆ ಒಳ್ಳೆಯ ಕೆಲಸ ಬೇಡವಾ ಅಂತ ನೀವು ಕೇಳಬಹುದು. ಬೇಕು. ಎಫೆಸ 2:8-9 ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ ಅನ್ನುತ್ತದೆ, ಮುಂದಿನ ವಚನದಲ್ಲೇ ಸತ್ಕ್ರಿಯೆಗಳ ಮಾತು ಬರುತ್ತದೆ. ಮೊದಲು ಕೃಪೆ, ಆಮೇಲೆ ಕೆಲಸ. ನಾನು ತಿರುಗಾ ಮುರುಗಾ ಮಾಡಿದ್ದೆ. ಲೂಕ 18ರಲ್ಲಿ ಯೇಸು ಹೇಳುವ ಕಥೆಯ ಫರಿಸಾಯನೂ, ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವವನು, ವಾರಕ್ಕೆ ಎರಡು ಉಪವಾಸ ಮಾಡುತ್ತಿದ್ದ. ಆದರೆ ದೇವರ ಮುಂದೆ ನೀತಿವಂತನಾಗಿ ಮನೆಗೆ ಹೋದದ್ದು, ಪಾಪಿಯಾದ ನನ್ನನ್ನು ಕರುಣಿಸು ಅಂತ ಎದೆ ಬಡಿದುಕೊಂಡ ಸುಂಕದವನು.

ಉಪವಾಸ ಮಾಡಬೇಕು ಅನ್ನಿಸಿದರೆ ಮಾಡಿ, ಬರೆದಿಡಬೇಡಿ. ನಿಮ್ಮ ಸಭೆಯಲ್ಲಿ ಈ ಭಾನುವಾರ ಭೋಜನ ಇದ್ದರೆ ಎದ್ದು ಹೋಗಿ. ಮನೆಯಲ್ಲಿ ಅಮ್ಮ ಇದ್ದರೆ ಅವರ ಪಕ್ಕದಲ್ಲೇ ಮೊಣಕಾಲೂರಿ.