ಪೈಪಿನ ಬಾಯಿಗೇ ಹೊಣೆ ಮುಗಿಯುತ್ತಾ?

ಚಿತ್ರದುರ್ಗದಿಂದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ನೀರು ಸರಬರಾಜಿನಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಸ್ಯಾನ್ ಫ್ರಾನ್ಸಿಸ್ಕೋ ನಗರ ಕಡಲಿಗೆ ಬಿಡುವ ಕೊಳಚೆ ನೀರಿನ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪನ್ನು ನಾವು ಟೀಕಿಸಿದ್ದು ಅವರಿಗೆ ಹಿಡಿಸಿಲ್ಲ. ಕಡಲ ನೀರು ಒಟ್ಟಾರೆ ಹೇಗಿದೆ ಅನ್ನುವುದಕ್ಕೆ ನಗರವನ್ನು ಹೊಣೆ ಮಾಡುವ ಷರತ್ತನ್ನು ಪರವಾನಗಿಯಲ್ಲಿ ಹಾಕುವಂತಿಲ್ಲ ಅನ್ನುವುದು ಆ ತೀರ್ಪಿನ ಸಾರ. ‘ಕೊಳಚೆ ನೀರು ಶುದ್ಧೀಕರಿಸುವ ಘಟಕದವರು ತಮ್ಮ ಪೈಪಿನಿಂದ ಏನು ಬಿಡುತ್ತಾರೋ ಅದಕ್ಕಷ್ಟೇ ಜವಾಬ್ದಾರರು. ಇಡೀ ಸಮುದ್ರಕ್ಕೆ ಅವರನ್ನು ಹೊಣೆ ಮಾಡುವುದು ಯಾವ ನ್ಯಾಯ? ಅಷ್ಟಕ್ಕೂ ದಾವಣಗೆರೆಯಲ್ಲಿ ಕೂತ ನಿಮಗ್ಯಾಕೆ ಸಮುದ್ರದ ಚಿಂತೆ?’ ಎಂದು ಕೇಳಿದ್ದಾರೆ.

ಸ್ವಾಮಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಿಮ್ಮ ವೇದಾವತಿ ಮುಂದೆ ಹಗರಿಯಾಗಿ ತುಂಗಭದ್ರೆ ಸೇರುತ್ತೆ. ನಮ್ಮ ಹರಿಹರದಲ್ಲಿ ಹರಿಯುವುದೂ ತುಂಗಭದ್ರೆಯೇ. ಅದು ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನಡುವೆ ಎಷ್ಟು ಅಣೆಕಟ್ಟು ಕಟ್ಟಿದರೂ ದಾರಿ ಅದೇ. ಇನ್ನು ನಿಮ್ಮ ಕೋಟೆಯ ಹೊಂಡಗಳನ್ನು ನಿಮಗೆ ನಾನು ಹೇಳಿಕೊಡಬೇಕಾ? ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು. ಹಾಗೆ ಕಟ್ಟಿಸಿದ ನಾಯಕರ ಊರಿನವರು ‘ನನ್ನ ಹೊಂಡದ ಕೋಡಿಗೆ ನನ್ನ ಕೆಲಸ ಮುಗೀತು’ ಅನ್ನಬಹುದಾ?

ನಿಮ್ಮ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಒಂದೇ ನೀರಿಗೆ ಹತ್ತು ಜನ ಹೊಲಸು ಬಿಟ್ಟರೆ ಯಾರ ಪಾಲೆಷ್ಟು ಅಂತ ಹುಡುಕುವುದು ಕಷ್ಟ. ಅಮೆರಿಕದ 1972ರ ಶುದ್ಧ ನೀರಿನ ಕಾಯ್ದೆ ಬಂದದ್ದೇ ಆ ತಲೆನೋವು ಕಳೆಯಲು. ನ್ಯಾಯಮೂರ್ತಿ ಅಲಿಟೊ ಬರೆದ ತೀರ್ಪೂ ಅದನ್ನೇ ಹಿಡಿದುಕೊಂಡಿದೆ: ಏನು ಮಾಡಬೇಕು, ಎಷ್ಟು ಬಿಡಬಹುದು ಅಂತ ಸರ್ಕಾರ ಪರವಾನಗಿಯಲ್ಲಿ ಬಿಡಿಸಿ ಬರೆಯಲಿ, ‘ಕಡಲ ನೀರು ಕೆಡಬಾರದು’ ಅಂತ ಸುಮ್ನೆ ಒಂದು ಸಾಲು ಹಾಕಿದರೆ ಸಾಲದು. ಒಪ್ಪೋಣ. ಆದರೆ ಈ ಮುಖ್ಯ ಮಾತಿಗೆ ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಲಿಲ್ಲ. ನನ್ನ ಮನಸ್ಸು ಆ ನಾಲ್ವರ ಕಡೆಗಿದೆ.

ಯಾಕೆ ಅಂದ್ರೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾಯಖಾನೆ ನೀರು, ಮಳೆ ನೀರು ಎರಡಕ್ಕೂ ಒಂದೇ ಕೊಳವೆ. ಜೋರು ಮಳೆ ಹೊಡೆದರೆ ಘಟಕಕ್ಕೆ ತಡೆಯಲು ಆಗುವುದಿಲ್ಲ, ಉಕ್ಕಿದ್ದು ಕಡಲಿಗೆ. ಅವತ್ತು ದಡದ ನೀರು ಹೇಗಿತ್ತು ಅನ್ನುವುದನ್ನು ದಡದಲ್ಲೇ ನೋಡಬೇಕು. ನಮ್ಮಲ್ಲಿ ಒಳಚರಂಡಿ ಬೇರೆ, ಮಳೆ ನೀರಿನ ಚರಂಡಿ ಬೇರೆ, ಲೆಕ್ಕಕ್ಕೆ. ತಾರಸಿಯ ಪೈಪನ್ನು ಗುಟ್ಟಾಗಿ ಯುಜಿಡಿಗೆ, ಅಂದರೆ ಒಳಚರಂಡಿಗೆ ಸೇರಿಸಿದ ಮನೆಗಳು ಯಾವ ಬಡಾವಣೆಯಲ್ಲಿಲ್ಲ ಹೇಳಿ. ದೊಡ್ಡ ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೂರುವುದು ಅದಕ್ಕೇ. ನಿಮ್ಮ ಮನೆಯ ಪೈಪು ಎಲ್ಲಿಗೆ ಹೋಗುತ್ತೆ, ಒಮ್ಮೆ ನೋಡಿ.

ಬರೀ ಅಂಕಿಯನ್ನು ನಂಬಿದರೆ ಏನಾಗುತ್ತೆ ಅಂತ ನಮ್ಮ ನಿಯಮಗಳನ್ನೇ ನೋಡಿ. ಬಿಓಡಿ ಗೊತ್ತಲ್ಲ, ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಬೇಕಾಗುವ ಆಮ್ಲಜನಕ. 1986ರ ಪರಿಸರ ಕಾಯ್ದೆಯಡಿ ಬಂದ ಸಾಮಾನ್ಯ ಮಾನದಂಡದಲ್ಲಿ ನದಿ-ಕೆರೆಗೆ ಬಿಡುವ ನೀರಿಗೆ ಲೀಟರಿಗೆ 30 ಮಿಲಿಗ್ರಾಂ ಮಿತಿ, ಕಡಲಿಗೆ ಬಿಡುವುದಕ್ಕೆ 100. ಕಡಲು ದೊಡ್ಡದು, ಎಲ್ಲ ನುಂಗಿಕೊಳ್ಳುತ್ತೆ ಅನ್ನುವ ಭಂಡ ಧೈರ್ಯ. ಒಳಚರಂಡಿ ಘಟಕಗಳಿಗೆ ಬೇರೆ, ಬಿಗಿಯಾದ ಮಿತಿ ಬರಲು 2017 ಬೇಕಾಯಿತು.

ಅಮೆರಿಕದ್ದೇ ಬಾಸ್ಟನ್ ನಗರದ ಕಥೆ ಓದಿದ್ದೀರಾ? 1982ರಲ್ಲಿ ಪಕ್ಕದ ಕ್ವಿನ್ಸಿ ಊರಿನ ಸರ್ಕಾರಿ ವಕೀಲರು ದಡದಲ್ಲಿ ಓಡಲು ಹೋಗಿ ಕೊಳಚೆ ತುಳಿದರು. ಅದೇ ವರ್ಷ ಕ್ವಿನ್ಸಿ ಕೇಸು ಹಾಕಿತು. ಆಮೇಲೆ ಕೋರ್ಟಿನ ಕಣ್ಗಾವಲಲ್ಲಿ ಹೊಸ ಘಟಕ ಬಂತು, ಶುದ್ಧೀಕರಿಸಿದ ನೀರನ್ನು ದೂರ ಕಡಲಿಗೆ ಒಯ್ಯುವ ಸುಮಾರು 15 ಕಿ.ಮೀ. ಉದ್ದದ ಸುರಂಗ 2000ದಲ್ಲಿ ಬಳಕೆಗೆ ಬಂತು. ಅಲ್ಲಿನ ಪರವಾನಗಿ ಪೈಪಿನ ತುದಿಗೇ ನಿಲ್ಲಲಿಲ್ಲ. ಕೊಲ್ಲಿಯ ನೀರು, ತಳದ ಕೆಸರು, ಮೀನು ಎಲ್ಲ ಪರೀಕ್ಷೆ ಆಗಬೇಕು, ಗೆರೆ ದಾಟಿದರೆ ಏನು ಮಾಡಬೇಕು ಅಂತಲೂ ಬರೆದಿಟ್ಟಿರಬೇಕು. ಪೈಪಿನಲ್ಲೂ ಅಳೆದರು, ಕಡಲಲ್ಲೂ ಅಳೆದರು. ಆಗದ ಕೆಲಸ ಅಂತ ನೀವು ಬರೆದಿದ್ದೀರಲ್ಲ, ಅದೇ ಇದು.

ಪೈಪಿನ ಬಾಯಲ್ಲಿ ಅಳೆಯುವ ವೈಭವ ನಾನೂ ನೋಡಿದ್ದೇನೆ. ಯಾವ ಊರಿನ ಘಟಕ ಅಂತ ಬೇಡ. ಹೋದಾಗ ಕೊಳಚೆಗೆ ಗಾಳಿ ಊದುವ ಬ್ಲೋವರ್ ನಿಂತಿತ್ತು, ತೊಟ್ಟಿಯ ಮೇಲೆ ಕಪ್ಪು ಕೆನೆ ಕಟ್ಟಿತ್ತು. ಕರೆಂಟ್ ಬಿಲ್ ಜಾಸ್ತಿ ಸಾರ್, ಅಂದ ಆಪರೇಟರ್. ಸ್ಯಾಂಪಲ್ ಬಾಟಲಿ ಎಲ್ಲಿ ಅದ್ದುತ್ತೀರಿ ಅಂದೆ. ನಕ್ಕು, ಮೂಲೆಯ ತಿಳಿ ನೀರಿನ ತೊಟ್ಟಿ ತೋರಿಸಿದ. ರಿಪೋರ್ಟ್ ಹಾಳೆಯಲ್ಲಿ ಎಲ್ಲ ಮಿತಿಯೊಳಗೇ ಇತ್ತು. ಹೊರಗಿನ ಹಳ್ಳದಲ್ಲಿ ಎಮ್ಮೆಯೂ ಇಳಿಯುತ್ತಿರಲಿಲ್ಲ.

ಇದು ನೀರಿಗೆ ಮಾತ್ರ ಅಂಟಿದ ರೋಗವಲ್ಲ. ಬಿಲ್ ಪಾಸಾದರೆ ರಸ್ತೆ ಆದ ಹಾಗೆ, ಮೂರು ತಿಂಗಳಿಗೆ ಗುಂಡಿ ಬಿದ್ದರೆ ಅದು ಮಳೆಯ ತಪ್ಪು. ಗಿಡ ನೆಟ್ಟ ಫೋಟೋ ಫೈಲಿಗೆ ಸೇರಿದರೆ ವನಮಹೋತ್ಸವ ಮುಗೀತು. ಬದುಕಿದ ಗಿಡ ಎಷ್ಟು ಅಂತ ಕೇಳಿದವನು ತರಲೆ. ಎಂಬತ್ತರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ಹರಿಹರದ ಕೆಳಗಿನ ಹಳ್ಳಿಗಳವರು ಬೀದಿಗಿಳಿದರು. ಅವರ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಇತ್ತಾ? ನದಿ ನೋಡಿದ್ದರು, ಅಷ್ಟೇ.

ನಿಮ್ಮಂಥ ಅನುಭವಸ್ಥರು ವಿರೋಧಿಸಿ ಬರೆದರೂ ನಮಗೆ ಖುಷಿಯೇ. ಒಂದು ಕೆಲಸ ಮಾಡಿ. ನಿಮ್ಮೂರಿನ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಅರ್ಜಿಗೆ 10 ರೂಪಾಯಿ. ಪೈಪಿನ ಕೆಳಗೆ, ಹಳ್ಳದಲ್ಲಿ ಎಲ್ಲಾದರೂ ನೀರು ಪರೀಕ್ಷಿಸಬೇಕು ಅಂತ ಅದರಲ್ಲಿ ಇದೆಯಾ ನೋಡಿ. ಸಿಕ್ಕಿದ್ದನ್ನು ನಮಗೆ ಕಳಿಸಿದರೆ ಅಚ್ಚು ಹಾಕುತ್ತೇವೆ. ಕಾಗದ ಮಾತ್ರ ಎರಡು ಪುಟ ದಾಟದಿರಲಿ.

— ಸಂಪಾದಕ